ಮನೆ ಶಿಫ್ಟ್ ಮಾಡೋವಾಗ ಪಿಂಗಾಣಿ ತಟ್ಟೆ ಒಡೀಬಾರ್ದು ಅಂದ್ರೆ

ನಮ್ಮ ಅತ್ತಿಗೆ ಮನೆ ಶಿಫ್ಟಿಂಗ್‌ಗೆ ಹೋಗಿದ್ದೆ, ವಿಜಯನಗರದಿಂದ ಕೆಂಗೇರಿಗೆ, ಅಷ್ಟೇ ದೂರ. ಹನ್ನೆರಡು ಪಿಂಗಾಣಿ ತಟ್ಟೇಲಿ ಏಳು ಚೂರಾಗಿತ್ತು. ಪೇಪರ್ ಸುತ್ತಿರ್ಲಿಲ್ಲ ಅಂತಲ್ಲ, ಚೆನ್ನಾಗೇ ಸುತ್ತಿದ್ರು, ಆದ್ರೆ ಒಂದರ ಮೇಲೊಂದು ಮಲಗಿಸಿಟ್ಟಿದ್ರು. ತಪ್ಪಾಗಿದ್ದು ಅಲ್ಲೇ.

ಮೊದ್ಲು ಬಾಕ್ಸ್. ದಿನಸಿ ಅಂಗಡಿಯಿಂದ ಪುಕ್ಕಟೆ ಸಿಗುತ್ತೆ ಅಂತ ಹಳೇ ರಟ್ಟಿನ ಡಬ್ಬ ತರ್ಬೇಡಿ, ಮಡಿಕೆ ಒಳಗೆ ಜಿರಳೆ ಮೊಟ್ಟೆ ಇರುತ್ತೆ, ಹೊಸ ಮನೆಗೆ ನೀವೇ ಹೊತ್ಕೊಂಡು ಹೋದಂಗಾಗುತ್ತೆ. ಗಾಜು, ಪಿಂಗಾಣಿಗೆ 5 ಪ್ಲೈ, ಅಂದ್ರೆ ಐದು ಪದರದ ರಟ್ಟಿನ ಬಾಕ್ಸೇ ತಗೊಳ್ಳಿ. ಪುಸ್ತಕ ಚಿಕ್ಕ ಬಾಕ್ಸಿಗೆ, ದೊಡ್ಡದಕ್ಕೆ ತುಂಬಿದ್ರೆ ಎತ್ತೋಕಾಗಲ್ಲ. ಬಟ್ಟೆ ಬೆಡ್‌ಶೀಟಲ್ಲಿ ಗಂಟು ಕಟ್ಟಿದ್ರೆ ಸಾಕು.

ತಳದ ನಾಲ್ಕು ರೆಕ್ಕೆ ಒಂದಕ್ಕೊಂದು ಸಿಕ್ಕಿಸಿ ಬಿಡೋದು ಬೇಡ, ಎತ್ತಿದ ತಕ್ಷಣ ಬಾಯಿ ಬಿಡುತ್ತೆ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಒಂದ್ಸಲ ಟೇಪ್ ಹಾಕಿ. ಕಡಿಮೆ ರೇಟಿನ ತೆಳ್ಳನೆ ಟೇಪು ಎಳೆದ್ರೆ ದಾರದ ಥರ ಸೀಳ್ಕೊಂಡು ಬರುತ್ತೆ, ದಯವಿಟ್ಟು ಅದನ್ನ ತರ್ಲೇಬೇಡಿ.

ಈಗ ತಟ್ಟೆ. ತಳದಲ್ಲಿ ಮೂರು ಇಂಚು ಪೇಪರ್ ಉಂಡೆ ತುಂಬಿ, ಮಡಚಿ ಹಾಸಬೇಡಿ, ಮುದುರಿ ಹಾಕಿದ್ರೇನೇ ಅದು ದಿಂಬಿನ ಥರ ಏಟು ತಡ್ಕೊಳ್ಳೋದು. ಒಂದೊಂದು ತಟ್ಟೆಗೂ ಬೇರೆ ಬೇರೆ ಪೇಪರ್ ಸುತ್ತಿ, ಕಪಾಟಲ್ಲಿ ಪುಸ್ತಕ ಜೋಡಿಸ್ದಂಗೆ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದ್ರೆ ಗಾಡಿ ಹಂಪ್ ಹಾರಿದಾಗ ಮೇಲಿನ ತಟ್ಟೆಗಳ ಭಾರ ಎಲ್ಲಾ ಕೆಳಗಿನದರ ಮಧ್ಯಭಾಗಕ್ಕೆ ಬೀಳುತ್ತೆ, ನಿಲ್ಲಿಸಿದ್ರೆ ಪ್ರತಿ ತಟ್ಟೆ ತನ್ನ ಭಾರ ಮಾತ್ರ ಹೊರುತ್ತೆ. ಲೋಟದ ಒಳಗೂ ಪೇಪರ್ ತುರುಕಿ, ತಟ್ಟೆಗಳ ಮೇಲೆ ಇಡಿ. ಸಂದೀಲೆಲ್ಲ ಟವೆಲ್ಲು, ಹಳೇ ಕಾಟನ್ ಸೀರೆ ತುಂಬಿ. ಮುಚ್ಚೋಕೆ ಮುಂಚೆ ಬಾಕ್ಸ್ ಹಿಡ್ಕೊಂಡು ಮೆಲ್ಲಗೆ ಅಲ್ಲಾಡಿಸಿ, ಕಟಕಟ ಅಂದ್ರೆ ಇನ್ನೂ ಜಾಗ ಇದೆ, ಮತ್ತೆ ತುಂಬಿ, ಸದ್ದು ನಿಲ್ಲೋವರೆಗೂ ಟೇಪ್ ಮುಟ್ಟಬೇಡಿ. ಸ್ಟೀಲ್ ಪಾತ್ರೆಗೆ ಬಬಲ್ ರ‍್ಯಾಪ್ ಸುತ್ತೋದು ದಂಡ.

ಉಪ್ಪಿನಕಾಯಿ ಭರಣಿ ಯಾವ ಬಾಕ್ಸಿಗೂ ಬೇಡ. ಬಾಯಿಗೆ ಪ್ಲಾಸ್ಟಿಕ್, ಅದರ ಮೇಲೆ ಬಟ್ಟೆ ಕಟ್ಟಿ ಕಾರಲ್ಲಿ ತೊಡೆ ಮೇಲಿಟ್ಕೊಂಡು ಹೋಗಿ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಒರೆಸಿ, ನಿಲ್ಲಿಸಿಯೇ ಸಾಗಿಸಿ. ಫ್ರಂಟ್ ಲೋಡ್ ವಾಷಿಂಗ್ ಮಷೀನಾದ್ರೆ ಕೊಂಡಾಗ ಹಿಂದ್ಗಡೆಯಿಂದ ಬಿಚ್ಚಿದ ಉದ್ದನೆ ಬೋಲ್ಟ್‌ಗಳನ್ನ ಹುಡುಕಿ ವಾಪಸ್ ಹಾಕಿ, ಇಲ್ಲಾಂದ್ರೆ ದಾರಿಯುದ್ದಕ್ಕೂ ಡ್ರಮ್ ಒಳಗೇ ಬಡ್ಕೊಳ್ಳುತ್ತೆ.

ಯಾವ ರೂಮಿಂದು ಅಂತ ಬಾಕ್ಸಿನ ಪಕ್ಕದಲ್ಲಿ ಬರೀರಿ, ಮೇಲೆ ಬರೆದ್ರೆ ಒಂದರ ಮೇಲೊಂದು ಇಟ್ಟಾಗ ಕಾಣಲ್ಲ.

ಹಾಲುಕ್ಕಿಸೋ ಪಾತ್ರೆ, ದೀಪ, ಎಣ್ಣೆ, ಬತ್ತಿ, ಬೆಂಕಿಪೊಟ್ಣ, ಕಾಫಿಪುಡಿ, ಸಕ್ಕರೆ, ನಾಲ್ಕು ಲೋಟ, ಟೇಪ್ ಕತ್ತರಿಸೋಕೊಂದು ಚಾಕು, ಇಷ್ಟನ್ನ ಒಂದು ಬ್ಯಾಗಿಗೆ ಹಾಕಿ ಕೈಯಲ್ಲೇ ಇಟ್ಕೊಳ್ಳಿ, ಲಾರಿಗೆ ಹಾಕ್ಬೇಡಿ.