ಗಿಡ ತರೋ ಮುಂಚೆ ಬಿಸಿಲು ನೋಡಿ, ನಿಮ್ಮ ಓಡಾಟ ನೋಡಿ

ಮನೆ ಸುತ್ತ ಸ್ವಲ್ಪ ಜಾಗ ಸಿಕ್ಕಿದ ತಕ್ಷಣ ಎಲ್ಲರೂ ನರ್ಸರಿಗೆ ಓಡ್ತಾರೆ, ಹಾಗೆ ಮಾಡ್ಬೇಡಿ. ಒಂದು ವಾರ ಸುಮ್ನೆ ಬಿಸಿಲು ನೋಡಿ. ಬೆಳಿಗ್ಗೆ ಎಲ್ಲಿ ಬೀಳುತ್ತೆ, ಮಧ್ಯಾಹ್ನ ಗೋಡೆ ನೆರಳು ಎಲ್ಲೀವರೆಗೆ ಬರುತ್ತೆ ಅಂತ ಒಂದು ಪೇಪರಲ್ಲಿ ಗೀಚಿಟ್ಕೊಳ್ಳಿ, ಅದೇ ನಿಮ್ಮ ಪ್ಲಾನು. ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೀಳೋ ಜಾಗ ಟೊಮೇಟೊ, ಬದನೆ, ಮೆಣಸಿನಕಾಯಿಗೆ ಬಿಡಿ, 3-4 ಗಂಟೆ ಬಿದ್ರೂ ಪಾಲಕ್, ಕೊತ್ತಂಬರಿ ತರದ ಸೊಪ್ಪು ಚೆನ್ನಾಗೇ ಬರುತ್ತೆ, ಬಿಸಿಲೇ ಕಾಣದ ಮೂಲೆ ಗೊಬ್ಬರದ ಡಬ್ಬಕ್ಕೆ. ಋತು ಬದಲಾದ ಹಾಗೆ ನೆರಳೂ ಸರಿಯುತ್ತೆ, ಅದೂ ಲೆಕ್ಕದಲ್ಲಿರಲಿ.

ಆಮೇಲೆ ನಿಮ್ಮ ಓಡಾಟ. ಇಷ್ಟು ವರ್ಷ ತೋಟ ನೋಡ್ಕೊಂಡು ನಾನು ಗಟ್ಟಿಯಾಗಿ ಹೇಳೋದು ಇದನ್ನೇ, ದಿನಾ ಕಣ್ಣಿಗೆ ಬೀಳದ ಗಿಡಕ್ಕೆ ಆರೈಕೆ ಸಿಗಲ್ಲ. ಹಾಗಾಗಿ ಸೊಪ್ಪಿನ ಮಡಿ ಅಡುಗೆಮನೆ ಬಾಗಿಲ ಹತ್ರ, ನಲ್ಲಿ ಪಕ್ಕ ಇರ್ಲಿ, ತರಕಾರಿ ಅದರಾಚೆ, ಹಣ್ಣಿನ ಗಿಡ ಕೊನೇಲಿ, ಅದೂ ಗೋಡೆ ಮತ್ತೆ ಚರಂಡಿ ಪೈಪಿಂದ ದೂರ, ಬೇರು ಅವನ್ನ ಹಾಳು ಮಾಡುತ್ತೆ. ಮಡಿ ಅಗಲ 4 ಅಡಿ ದಾಟಬಾರದು, ಎರಡೂ ಕಡೆ ನಿಂತ್ರೆ ನಡುವಿನವರೆಗೂ ಕೈ ಎಟುಕಬೇಕು, ಗೋಡೆಗೆ ಅಂಟಿಕೊಂಡಿದ್ರೆ 2 ಅಡಿ ಸಾಕು. ಒಂದ್ಸಲ ಮಡಿ ಒಳಗೆ ಕಾಲಿಟ್ಟು ತುಳಿದ್ರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಎರಡೂ ಕಡಿಮೆ ಆಗುತ್ತೆ. ಪುದಿನ ಮಾತ್ರ ಕುಂಡದಲ್ಲೇ ಹಾಕಿ, ನೆಲಕ್ಕೆ ಬಿಟ್ರೆ ಇಡೀ ಮಡಿ ಅದರದೇ.

ಹೂವಿನ ಗಿಡ ಅಂದ್ರೆ ಮನೆ ಮುಂದೆ ಚಂದಕ್ಕೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ನನಗದು ಒಪ್ಪಿಗೆ ಇಲ್ಲ. ತರಕಾರಿ ಮಡಿ ಅಂಚಲ್ಲಿ ಒಂದು ಸಾಲು ಹೂವು ಇರಲೇಬೇಕು, ಅದಕ್ಕೇ ಜೇನು, ಪತಂಗ ಬರೋದು. ಸೋರೆ, ಹೀರೆ, ಕುಂಬಳದಲ್ಲಿ ಗಂಡು ಹೂ ಬೇರೆ ಹೆಣ್ಣು ಹೂ ಬೇರೆ, ಜೇನೋ ಪತಂಗವೋ ಬಂದು ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಿಸದಿದ್ರೆ ಮಿಡಿ ಹಳದಿಯಾಗಿ ಉದುರಿ ಹೋಗುತ್ತೆ, ಆಗ ಗೊಬ್ಬರ ಸಾಲ್ದು ಅಂತ ಇನ್ನಷ್ಟು ಗೊಬ್ಬರ ಸುರೀತೀರ. ಹೂ ಹಿಂದೆ ನೋಡಿ, ಪುಟ್ಟ ಕಾಯಿ ಇದ್ರೆ ಹೆಣ್ಣು, ಬರೀ ಸಣ್ಣ ತೊಟ್ಟಿದ್ರೆ ಗಂಡು. ಹೂ ಅರಳಿರೋ ಹೊತ್ತಲ್ಲಿ (ಕುಂಬಳ ಬೆಳಿಗ್ಗೆ, ಸೋರೆ ಹೀರೆ ಸಂಜೆ) ಗಂಡು ಹೂ ಕಿತ್ತು ದಳ ತೆಗೆದು ಹೆಣ್ಣು ಹೂವಿನ ನಡುವೆ ಮೆತ್ತಗೆ ತಾಗಿಸಿ, ಎರಡೇ ದಿನದಲ್ಲಿ ಮಿಡಿ ದಪ್ಪ ಆಗೋದು ಕಾಣುತ್ತೆ.

ಗೊಬ್ಬರದ ಮೂಲೆ ವಾಸನೆ ಬರ್ತಿದೆ ಅಂದ್ರೆ ಹಸಿ ಕಸ ಜಾಸ್ತಿ, ನೀರು ಜಾಸ್ತಿ ಅಂತ. ಒಂದು ಪಾಲು ಅಡುಗೆಮನೆ ಕಸಕ್ಕೆ ಎರಡು ಮೂರು ಪಾಲು ತರಗೆಲೆ ಹಾಕಿ, ಆಗಾಗ ಕೆದಕಿ. ಒಂದು ಹಿಡಿ ತಗೊಂಡು ಹಿಂಡಿದ್ರೆ ಒಂದೆರಡು ಹನಿ ಬಂದ್ರೆ ಹದ ಸರಿ ಇದೆ, ಧಾರೆ ಬಂದ್ರೆ ಇನ್ನಷ್ಟು ಒಣ ಎಲೆ. ಉಳಿದ ತರಗೆಲೆ ಗಿಡದ ಬುಡಕ್ಕೆ 2-3 ಇಂಚು ಹೊದಿಸಿ, ಕಾಂಡಕ್ಕೆ ತಾಗಿಸ್ಬೇಡಿ ಕೊಳೆಯುತ್ತೆ.

ಹುಲ್ಲುಹಾಸು ಕೂತ್ಕೊಳ್ಳೋಕೆ, ಮಕ್ಕಳು ಆಡೋಕೆ ಬೇಕಿದ್ರೆ ಮಾತ್ರ ಮಾಡಿ, ನೀರು ತುಂಬಾ ಕುಡಿಯುತ್ತೆ. ಕತ್ತರಿಸುವಾಗ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೀಬೇಡಿ.

ನೀರು ಬೆಳಿಗ್ಗೆ ಹೊತ್ತೇ ಒಳ್ಳೇದು, ಬೆರಳು ಎರಡು ಗೆಣ್ಣು ಮಣ್ಣೊಳಗೆ ಇಟ್ಟು ನೋಡಿ, ಒಣಗಿದ್ರೆ ಬುಡ ನೆನೆಯೋ ಹಾಗೆ ಕೊಡಿ, ದಿನಾ ಮೇಲ್ಮೇಲೆ ಚಿಮುಕಿಸಿದ್ರೆ ಬೇರು ಮೇಲೇ ಉಳ್ಕೊಳ್ಳುತ್ತೆ. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ, ಒಂದರ ಹಿಂದೆ ಇನ್ನೊಂದನ್ನ ಅದೇ ಮಡೀಲಿ ಹಾಕಿದ್ರೆ ಮಣ್ಣಲ್ಲಿರೋ ರೋಗ ಮುಂದಿನ ಬೆಳೆಗೂ ಹತ್ತುತ್ತೆ, ನಡುವೆ ಬೀನ್ಸೋ ಸೊಪ್ಪೋ ಹಾಕಿ. ಯಾವ ಮಡೀಲಿ ಏನು ಹಾಕಿದ್ರಿ ಅಂತ ಆ ಬಿಸಿಲು ಗೀಚಿದ ಪೇಪರ್ ಹಿಂದೇನೇ ಬರ್ಕೊಳ್ಳಿ, ಮುಂದಿನ ವರ್ಷ ನೆನಪಿರಲ್ಲ.