ಒಂದೇ ಸ್ವರವನ್ನು ಮತ್ತೆ ಮತ್ತೆ ಬರೆಯುವ ಬದಲು

ಸುಗ್ಗಿಹಬ್ಬವಾದ ಪುತ್ತರಿಯ ಹೊತ್ತಿಗೆ ಕೊಡಗಿನ ಮನೆಮನೆಗಳಲ್ಲಿ ಕೇಳುವ ದುಡಿಕೊಟ್ಟ್ ಪಾಟನ್ನು (ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತ ಹಾಡುವ ಹಾಡನ್ನು) ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಷನ್‌ನಲ್ಲಿ ಬರೆದಿಡಲು ಹೊರಟವರಿಗೆ ಹಾಡಿನ ಸಾಲಿಗಿಂತ ದುಡಿಯ ಸಾಲೇ ಹೆಚ್ಚು ಕೈನೋವು ತರುತ್ತದೆ. ಒಂದೇ ಪೆಟ್ಟನ್ನು ಪುಟದುದ್ದಕ್ಕೂ ಬರೆಯಬೇಕಾಗುತ್ತದೆ. ಇದಕ್ಕೆ ಆ ಲಿಪಿಯಲ್ಲಿಯೇ ಸಂಕ್ಷೇಪ ಚಿಹ್ನೆಗಳಿವೆ.

ಮೊದಲು, ಪೆಟ್ಟುಗಳೆಲ್ಲ ಸೇರಿ ಎಷ್ಟು ಕಾಲ ಹಿಡಿಯುತ್ತವೆ ಎಂದು ಎಣಿಸಿ, ಅಷ್ಟೇ ಬೆಲೆಯ, ಅಂದರೆ ಅಷ್ಟೇ ಕಾಲದ, ಒಂದು ಸ್ವರವನ್ನು ಬರೆಯಿರಿ. ಬೆಲೆಗಳು ಸೆಮಿಬ್ರೀವ್, ಮಿನಿಮ್, ಕ್ರಾಚೆಟ್, ಕ್ವೇವರ್, ಸೆಮಿಕ್ವೇವರ್, ಡೆಮಿಸೆಮಿಕ್ವೇವರ್ ಎಂದು ಒಂದೊಂದು ಹೆಜ್ಜೆಗೂ ಅರ್ಧವಾಗುತ್ತ ಇಳಿಯುತ್ತವೆ. ಬಳಿಕ ಸ್ವರದ ದುಂಡುತಲೆಗೆ ಅಂಟಿದ ಕಡ್ಡಿಯ ಮೇಲೆ ಓರೆಗೆರೆ ಎಳೆಯಿರಿ. ಒಂದು ಗೆರೆಯೆಂದರೆ ಪ್ರತಿ ಪೆಟ್ಟೂ ಕ್ವೇವರ್, ಎರಡೆಂದರೆ ಸೆಮಿಕ್ವೇವರ್. ಹೀಗಾಗಿ ಒಂದು ಗೆರೆಯುಳ್ಳ ಕ್ರಾಚೆಟ್ 2 ಪೆಟ್ಟು, ಎರಡು ಗೆರೆಯುಳ್ಳದ್ದು 4 ಪೆಟ್ಟು. ಒಂದು ಗೆರೆಯುಳ್ಳ ಮಿನಿಮ್ ಕೂಡ 4 ಪೆಟ್ಟು. ಕಡ್ಡಿಯಿಲ್ಲದ ಸೆಮಿಬ್ರೀವ್‌ಗೆ ಗೆರೆಯನ್ನು ತಲೆಯ ಮೇಲೆ ಅಥವಾ ಕೆಳಗೆ ಹಾಕಬೇಕು. ಹೆಚ್ಚಿನವರು ಎಡವುವುದು ಕ್ವೇವರ್‌ನಲ್ಲಿ: ಅದರ ಕಡ್ಡಿಯ ತುದಿಯ ಬಾಲವೂ ಒಂದು ಗೆರೆಯಾಗಿ ಲೆಕ್ಕಕ್ಕೆ ಸೇರುವುದರಿಂದ, ಅದಕ್ಕೆ ಒಂದೇ ಗೆರೆ ಎಳೆದರೂ ಅದು 2 ಸೆಮಿಕ್ವೇವರ್ ಆಗುತ್ತದೆ.

ಮೂರು ಗೆರೆಗಳ ವಿಷಯದಲ್ಲಿ ಎಚ್ಚರ ಬೇಕು. ನಿಧಾನಗತಿಯಲ್ಲಿ ಅವು ಎಣಿಸಿ ಬಾರಿಸುವ ಡೆಮಿಸೆಮಿಕ್ವೇವರ್‌ಗಳಾಗಬಹುದು. ವೇಗದಲ್ಲಿ, ಅದರಲ್ಲೂ ಬ್ಯಾಂಡ್‌ನ ಡ್ರಮ್ ಸಾಲಿನಲ್ಲಿ, ಎಣಿಕೆಯಿಲ್ಲದ ಉರುಳುನಾದವೆಂದೇ ಓದುತ್ತಾರೆ. ಯಾವುದು ಬೇಕೆಂದು ಅಂಚಿನಲ್ಲಿ ಒಂದು ಮಾತು ಬರೆದುಬಿಡುವುದೇ ಒಳ್ಳೆಯದು.

ಎರಡು ಸ್ವರಗಳು ಒಂದಾದ ಮೇಲೊಂದು ಸರದಿಯಾಗಿ ಬರುವಾಗ ಗೆರೆಗಳನ್ನು ಅವುಗಳ ನಡುವೆ ಎಳೆಯಬೇಕು. ಇಲ್ಲಿ ಎರಡೂ ಸ್ವರಗಳನ್ನು ಗುಂಪಿನ ಪೂರ್ಣ ಬೆಲೆಯಲ್ಲಿ ಬರೆಯುವುದು ರೂಢಿ. ಎರಡು ಮಿನಿಮ್‌ಗಳು ಕಂಡರೂ ಕಾಲ ಒಂದೇ ಮಿನಿಮ್‌ನದು. ನಡುವೆ ಎರಡು ಗೆರೆಗಳಿದ್ದರೆ ಒಟ್ಟು 8 ಸೆಮಿಕ್ವೇವರ್‌ಗಳು, ಒಂದೊಂದು ಸ್ವರಕ್ಕೆ 4.

ಇಡೀ ಬಾರ್ (ಎರಡು ನಿಲುಗೆರೆಗಳ ನಡುವಿನ ತಾಳದ ಭಾಗ) ಮರುಕಳಿಸಿದರೆ ಖಾಲಿ ಬಾರ್‌ನ ನಡುವೆ ಓರೆಗೆರೆ ಎಳೆದು, ಅದರ ಎರಡೂ ಬದಿಗೆ ಒಂದೊಂದು ಚುಕ್ಕೆ ಇಟ್ಟರೆ ಸಾಕು. ಎರಡು ಬಾರ್‌ಗಳ ಜೋಡಿ ಮರುಕಳಿಸಿದರೆ ಬಾರ್‌ಗೆರೆಯ ಮೇಲೆಯೇ ಚುಕ್ಕೆಗಳ ನಡುವೆ ಎರಡು ಓರೆಗೆರೆಗಳನ್ನು ಎಳೆದು, ಮೇಲೆ 2 ಎಂದು ಬರೆಯಬೇಕು. ಒಂದೇ ಬಾರ್‌ನ ಮರುಕಳಿಕೆಗಳು ಸಾಲಾಗಿ ಬಂದಾಗ ಆ ಬಾರ್‌ಗಳ ಮೇಲೆ 2, 3, 4 ಎಂದು ಅಂಕಿ ಹಾಕಿ. ಬಾರಿಸುವವನು ಎಣಿಕೆ ತಪ್ಪಿದರೂ ಕೂಡಲೇ ಜಾಗ ಹಿಡಿಯುತ್ತಾನೆ. ಹೊಸ ಪುಟದ ಮೊದಲ ಬಾರನ್ನು ಮಾತ್ರ ಚಿಹ್ನೆಗೆ ಬಿಡದೆ ಪೂರ್ತಿಯಾಗಿ ಬರೆಯಿರಿ.