ಟಾಹೋ ಕ್ಯಾಬಿನ್‌ಗೆ ಬರುವ ಕರಡಿ: ಕೊನೆಗೂ ಕೆಲಸ ಮಾಡಿದ್ದು ಕರೆಂಟ್ ಮ್ಯಾಟ್

ಎರಡು ಸೀಸನ್ ಆಯಿತು, ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋದ ನಮ್ಮ ಕ್ಯಾಬಿನ್ ಒಳಗೆ ಕರಡಿ ಕಾಲಿಟ್ಟಿಲ್ಲ. ಅಕ್ಕಪಕ್ಕದ ಮನೆಗಳಿಗೆ ಬಂದಿದೆ. ನಮ್ಮ ಡೆಕ್ (ಮನೆಗೆ ತಾಗಿದ ಮರದ ಜಗಲಿ) ಮೆಟ್ಟಿಲು ಹತ್ತಿ ವಾಪಸ್ ಹೋಗಿದೆ. ಕಾರಣ, ತುಳಿದರೆ ಶಾಕ್ ಹೊಡೆಯುವ ಮ್ಯಾಟ್. "ಮರದ ಡೆಕ್ ಮೇಲೆ ಕರೆಂಟ್ ಕೆಲಸ ಮಾಡಲ್ಲ ಮಾರಾಯ, ಸುಮ್ನೆ ದುಡ್ಡು ಹಾಳು" ಅಂದಿದ್ದ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡುತ್ತೇನೆ. ಬೇರ್ ಬಾಕ್ಸ್ (ಕರಡಿಗೆ ತೆಗೆಯಲಾಗದ ಕಸದ ಪೆಟ್ಟಿಗೆ), ಕಸ, ಬೀಗ ಎಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳಲ್ಲ.

ನಮಗೆ ಕಾಟ ಶುರುವಾಗಿದ್ದು 2021ರ ಆಗಸ್ಟ್ ಕೊನೆಯಲ್ಲಿ. ಕ್ಯಾಲ್ಡೋರ್ ಕಾಡ್ಗಿಚ್ಚು ಅಂತ ಊರಿಗೆ ಊರನ್ನೇ ಖಾಲಿ ಮಾಡಿಸಿದರಲ್ಲ, ಆಗ. ಜನ ಇಲ್ಲದ ಬೀದಿಗಳಲ್ಲಿ ಕರಡಿಗಳದ್ದೇ ರಾಜ್ಯ. ಅಡುಗೆಮನೆ ಕಿಟಕಿ ಕಿತ್ತು ಒಳಗೆ ಬಂದು, ಫ್ರಿಜ್ ಕೆಡವಿ, ಬೆಲ್ಲ, ತುಪ್ಪ, ಕಡಲೆಬೀಜ ಎಲ್ಲ ಖಾಲಿ ಮಾಡಿತ್ತು. ಕಿಟಕಿ, ಚೌಕಟ್ಟು, ಫ್ರಿಜ್, ನೆಲದ ಹಲಗೆ ಸೇರಿ ಆರು ಸಾವಿರ ಡಾಲರ್ ಹತ್ತಿರ ಬಂತು. ವಿಮೆಯಿಂದ ಸಿಕ್ಕಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಒಮ್ಮೆ ಊಟ ಸಿಕ್ಕ ಮನೆಯನ್ನು ಕರಡಿ ಮರೆಯುವುದಿಲ್ಲ. ಚಳಿಗಾಲಕ್ಕೆ ಮುಂಚೆ ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುವ ಪ್ರಾಣಿ ಅದು. ಒಂದು ಡಬ್ಬ ತುಪ್ಪ ಅದಕ್ಕೆ ದೊಡ್ಡ ಲಾಭ. ಮುಂದಿನ ವಸಂತದಲ್ಲಿ ಅದೇ ಕಿಟಕಿಗೆ ಮತ್ತೆ ಬಂತು.

"ಹಿಡಿದು ದೂರ ಬಿಡಿಸು" ಅಂದವರು ಬಹಳ ಜನ. ಹ್ಯಾಂಕ್ ದ ಟ್ಯಾಂಕ್ ಅಂತ ಹೆಸರಿಟ್ಟ ಕರಡಿಯ ಕಥೆ ನೆನಪಿದೆ ಅಲ್ವಾ? ಎಲ್ಲ ಮನೆಗಳನ್ನೂ ಒಂದೇ ದೊಡ್ಡ ಕರಡಿ ಒಡೆಯುತ್ತಿದೆ ಅಂತ 2022ರಲ್ಲಿ ಊರೆಲ್ಲ ಸುದ್ದಿ. ಡಿಎನ್ಎ ನೋಡಿದರೆ ಕನಿಷ್ಠ ಮೂರು ಕರಡಿಗಳು. 2023ರ ಆಗಸ್ಟ್‌ನಲ್ಲಿ ಅದರಲ್ಲಿ ಒಂದು ಹೆಣ್ಣು ಕರಡಿಯನ್ನು ಹಿಡಿದು ಕೊಲೊರಾಡೊದ ಪ್ರಾಣಿಧಾಮಕ್ಕೆ ಕಳಿಸಿದರು. ಒಂದು ಹೋದರೆ ಇನ್ನೊಂದು ಬರುತ್ತದೆ. ಹಾಗಾಗಿ ಬಾಗಿಲು ಕಾಯುವುದೇ ದಾರಿ ಅಂತ ನಾನು ತೀರ್ಮಾನ ಮಾಡಿದೆ.

ದುಡ್ಡು ಹೋದ ದಾರಿಗಳು ಒಂದೆರಡಲ್ಲ. ಸೆನ್ಸರ್ ಲೈಟ್ ಹಾಕಿಸಿದೆ, ಆ ಬೆಳಕಲ್ಲೇ ನಿಂತು ಕಿಟಕಿ ನೋಡಿತು. ರಾತ್ರಿಯೆಲ್ಲ ರೇಡಿಯೊ ಹಚ್ಚಿಟ್ಟೆ, ಒಂದು ವಾರ ಸುಮ್ಮನಿತ್ತು, ಆಮೇಲೆ ಕ್ಯಾರೇ ಅನ್ನಲಿಲ್ಲ. ಮನೆ ಅಡಿಯ ಕ್ರಾಲ್ ಸ್ಪೇಸ್ ಬಾಯಿಗೆ ಅಮೋನಿಯಾ ಬಟ್ಟೆ ಕಟ್ಟಿದ್ದು ಸ್ವಲ್ಪ ಉಪಯೋಗವಾಯಿತು, ಆದರೆ ವಾಸನೆ ಬೇಗ ಹಾರಿಹೋಗುತ್ತದೆ, ವಾರಾಂತ್ಯಕ್ಕೆ ಮಾತ್ರ ಬರುವ ನಮಗೆ ಆಗದ ಕೆಲಸ. ಅಮೋನಿಯಾವನ್ನು ಬ್ಲೀಚ್ ಜೊತೆ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಮೊಳೆ ಹೊಡೆದ ಹಲಗೆ ಇಡು ಅಂತ ಒಬ್ಬರು ಹೇಳಿದರು. ಅದನ್ನು ನಾನು ಮಾಡುವುದಿಲ್ಲ. ಪಾದ ಸೀಳಿಕೊಂಡು ನರಳುವ ಕರಡಿ ನನಗೆ ಬೇಕಾಗಿಲ್ಲ.

ಖಾರದ ಪ್ರಯೋಗವನ್ನೂ ಮಾಡಿದೆ. ಕರಡಿ ಓಡಿಸುವ ಬೇರ್ ಸ್ಪ್ರೇಯಲ್ಲಿ ಇರುವುದೂ ಮೆಣಸಿನ ಖಾರವೇ ತಾನೇ? ಬ್ಯಾಡಗಿ ಬಣ್ಣಕ್ಕೆ ಸರಿ, ಖಾರ ಸಾಲದು. ಗುಂಟೂರು ಪುಡಿಯನ್ನು ಗ್ರೀಸಿಗೆ ಕಲಸಿ ಕಿಟಕಿ ಅಂಚಿಗೆ ಬಳಿದೆ. ಕ್ಯಾಮೆರಾದಲ್ಲಿ ಕರಡಿ ಮೂಗು ಉಜ್ಜಿಕೊಂಡು ಹೋಗಿದ್ದು ಕಂಡಿತು. ಬಿಸಿಲಿಗೆ ಗ್ರೀಸ್ ಇಳಿದು ಗೋಡೆಯೆಲ್ಲ ಕೆಂಪಾಯಿತು, ಕರಡಿ ಪಕ್ಕದ ಕಿಟಕಿಗೆ ಹೋಯಿತು. ಅಲ್ಲಿಗೆ ಬಿಟ್ಟೆ.

ಕರೆಂಟಿನ ಯೋಚನೆ ಬಂದಿದ್ದು ಸಕಲೇಶಪುರದಿಂದ. ನಮ್ಮ ಮಾವನ ತೋಟದಲ್ಲಿ ಆನೆಗೆ ಸೋಲಾರ್ ಬೇಲಿ ಹಾಕಿದ್ದಾರೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯದಿದ್ದರೆ ಬೇಲಿ ಇದ್ದೂ ಇಲ್ಲದ ಹಾಗೆ ಅಂತ ಮಾವ ಯಾವಾಗಲೂ ಹೇಳುತ್ತಿದ್ದರು. ಇನ್ನೂರು ಚಿಲ್ಲರೆ ಡಾಲರ್ ಕೊಟ್ಟು ಒಂದು ಜೌಲ್‌ನ ಎನರ್ಜೈಸರ್ (ಬೇಲಿ ತಂತಿಗೆ ಶಾಕ್ ಕೊಡುವ ಪೆಟ್ಟಿಗೆ) ತಂದೆ. ಡೆಕ್ ಸುತ್ತ ತಂತಿ ಎಳೆದೆ. ಟೆಸ್ಟರ್‌ನಲ್ಲಿ ಆರು ಸಾವಿರ ವೋಲ್ಟ್ ತೋರಿಸುತ್ತಿತ್ತು, ಆದರೂ ಕರಡಿ ತಂತಿ ಬಗ್ಗಿಸಿ ಆರಾಮಾಗಿ ದಾಟಿತು. ಒಣಮರದ ಮೇಲೆ ನಿಂತ ಪ್ರಾಣಿ, ಮೈತುಂಬ ದಪ್ಪ ಕೂದಲು. ಕರೆಂಟ್ ಹರಿದು ಹೋಗುವುದಾದರೂ ಎಲ್ಲಿಗೆ? ಕೆಳಗೆ ಗ್ರಾನೈಟ್ ಮರಳು, ಜುಲೈನಲ್ಲಿ ಪೂರಾ ಒಣ. ಗೆಳೆಯರು "ನಾವು ಹೇಳಿರಲಿಲ್ವಾ" ಅಂದಿದ್ದು ಆಗಲೇ.

ಅಲ್ಲಿಂದ ನೆಲವನ್ನು ನಂಬುವುದನ್ನೇ ಬಿಟ್ಟೆ. ಕುದುರೆ ಲಾಯಕ್ಕೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತಂದು, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಗಳನ್ನು ಸಾಲಾಗಿ ಕೂರಿಸಿದೆ. ಒಂದು ಪಟ್ಟಿ ಕರೆಂಟಿಗೆ, ಪಕ್ಕದ್ದು ಅರ್ಥಿಗೆ, ಮತ್ತೆ ಕರೆಂಟಿಗೆ. ನಡುವೆ ಎರಡು ಇಂಚಿನಷ್ಟು ಜಾಗ. ಒಂದೇ ಪಾದ ಎರಡೂ ಪಟ್ಟಿ ಮುಟ್ಟಬೇಕು, ಅಷ್ಟೇ ಲೆಕ್ಕ. ಅಂಗಾಲಿನಲ್ಲಿ ಕೂದಲಿಲ್ಲ, ಹೊಡೆತ ನೇರ ತಾಗುತ್ತದೆ. ಮುಂಬಾಗಿಲು, ಅಡುಗೆಮನೆ ಕಿಟಕಿ ಕೆಳಗೆ, ಕ್ರಾಲ್ ಸ್ಪೇಸ್ ಬಾಯಿ, ಮೂರು ಕಡೆ ಹಾಕಿದ್ದೇನೆ. ಮ್ಯಾಟ್ ಒಂದಕ್ಕೆ ಎಂಬತ್ತು ತೊಂಬತ್ತು ಡಾಲರ್ ಬಿದ್ದಿರಬಹುದು. ಮಳೆ ನೀರು ನಿಂತು ಪಟ್ಟಿಗಳು ಶಾರ್ಟ್ ಆಗದ ಹಾಗೆ ಹೇಗೆ ಕೂರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ಒಂದಿಡೀ ಬೇಸಿಗೆ ಕಳೆದಿದ್ದೇನೆ. ಕ್ಯಾಬಿನ್‌ಗೆ ಬಂದವರಿಗೆ ತೋರಿಸುತ್ತೇನೆ.

ಮೊದಲ ಸಲ ಕರಡಿ ಮುಂಗಾಲಿಟ್ಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಒಂದೇ ನೆಗೆತಕ್ಕೆ ಮೆಟ್ಟಿಲು ಇಳಿದು ಓಡಿತು. ಕೆಲವು ದಿನ ಬಿಟ್ಟು ಮತ್ತೆ ಬಂತು, ಮ್ಯಾಟಿಗೆ ಒಂದು ಗಜ ದೂರದಲ್ಲೇ ನಿಂತು ಮೂಸಿತು, ತಿರುಗಿ ಹೋಯಿತು. ಆ ವಿಡಿಯೊ ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಕರಡಿಗೂ ಪೆಟ್ಟಾಗಿಲ್ಲ, ಮನೆಗೂ ಆಗಿಲ್ಲ.

ಬೇಲಿಗೆಂದೇ ಮಾಡಿದ ಎನರ್ಜೈಸರ್ ಬಿಟ್ಟು ಬೇರೇನನ್ನೂ ಮ್ಯಾಟಿಗೆ ಜೋಡಿಸಬೇಡಿ. ಅದು ಸೆಕೆಂಡಿಗೊಮ್ಮೆ ಚಿಕ್ಕ ಹೊಡೆತ ಕೊಟ್ಟು ಬಿಡುತ್ತದೆ. ಮನೆ ಪ್ಲಗ್ಗಿನ ಕರೆಂಟ್ ನೇರ ಕೊಟ್ಟರೆ ಜೀವ ಹೋಗುತ್ತದೆ, ನಿಮ್ಮದೋ ಮಕ್ಕಳದೋ. ಸ್ವಿಚ್ ಮೆಟ್ಟಿಲ ಕೆಳಗೇ ಇರಲಿ, ಹತ್ತುವ ಮುಂಚೆ ಆಫ್ ಮಾಡಬೇಕು. ಕಾಣುವ ಹಾಗೆ ಎಚ್ಚರಿಕೆ ಬೋರ್ಡ್ ಹಾಕಿ. ನಾವು ಒಳಗಿರುವಾಗ ಕರೆಂಟ್ ಹಾಕುವುದೇ ಇಲ್ಲ. ಪೈನ್ ಎಲೆ ಉದುರಿ ಒದ್ದೆಯಾದರೆ ವೋಲ್ಟೇಜ್ ಇಳಿಯುತ್ತದೆ, ಹೊರಡುವಾಗ ಗುಡಿಸಿ ಹೋಗಿ. ಹಿಮ ಬೀಳುವ ಮುಂಚೆ ಡೆಕ್ಕಿನ ಎರಡು ಮ್ಯಾಟ್ ಎತ್ತಿ ಒಳಗಿಡುತ್ತೇನೆ. ಕ್ರಾಲ್ ಸ್ಪೇಸಿನದು ಮಾತ್ರ ಚಳಿಗಾಲದಲ್ಲೂ ಇರುತ್ತದೆ, ಕರಡಿ ಮಲಗಲು ಹುಡುಕುವ ಜಾಗ ಅದೇ. ಮೇಲೆ ಸೂರು ಇರುವುದರಿಂದ ಅಲ್ಲಿ ಹಿಮದ ತೊಂದರೆ ಕಡಿಮೆ.

ಕಾರಿಗೆ ಇದ್ಯಾವುದೂ ನಡೆಯಲ್ಲ. ಹಿಡಿಕೆ ಎಳೆದು ಬಾಗಿಲು ತೆಗೆಯುವುದು ಟಾಹೋ ಕರಡಿಗಳಿಗೆ ಚೆನ್ನಾಗಿ ಗೊತ್ತು. ಲಾಕ್ ಮಾಡಿ, ಒಳಗೆ ಚೂಯಿಂಗ್ ಗಮ್ ಕೂಡ ಬಿಡಬೇಡಿ.

ಈಗ ಉಳಿದಿರುವುದು ಗ್ಯಾರೇಜ್. ಆ ಬಾಗಿಲ ಮುಂದೆ ಮ್ಯಾಟ್ ಹಾಸಿದರೆ ಕಾರಿನ ಚಕ್ರಕ್ಕೆ ಪಟ್ಟಿಗಳು ಕಿತ್ತುಬರುತ್ತವೆ. ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ.